ಸ್ಕ್ರೂ ಇಲ್ಲದ ಡಬ್ಬಿ

ಮಗಳ ಕೆಲಸದ ಸಂದರ್ಶನ ಇದ್ದದ್ದು ಮೂರು ಗಂಟೆಗೆ, ಮನೆಯ ಕಂಪ್ಯೂಟರಿನ ಮುಂದೆ. ವೈಫೈ ಡಬ್ಬಿ ಕಣ್ಣು ಮುಚ್ಚಿದ್ದು ಒಂದಕ್ಕೆ. ಈಗಾಗಲೇ ಐದು ಕಡೆ ಬೇಡ ಅನ್ನಿಸಿಕೊಂಡಿದ್ದ ಹುಡುಗಿ ಉಗುರು ಕಚ್ಚುತ್ತ ಕೂತಳು.

ಅವಳಪ್ಪ ಮುಳ್ಳಪ್ಪ ಹೆದರಲಿಲ್ಲ. ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ್ದಕ್ಕೇ ಬೀದಿಯವರು ಅವನಿಗೆ ಆ ಹೆಸರಿಟ್ಟಿದ್ದರು. ಅವನ ಕೈಯಲ್ಲಿ ಬಿಚ್ಚದ ವಸ್ತುವಿರಲಿಲ್ಲ. ಆದರೆ ಈ ಡಬ್ಬಿಯನ್ನು ಎತ್ತ ತಿರುಗಿಸಿದರೂ ಒಂದು ಸ್ಕ್ರೂ ಇಲ್ಲ, ಕೋಳಿಮೊಟ್ಟೆಯ ಹಾಗೆ ನುಣ್ಣಗಿದೆ. ಡಬ್ಬಿ ಮಾಡಿದ ಕಂಪನಿಗೆ ಫೋನ್ ಮಾಡಿದ.

"ಬಿಚ್ಚಬೇಡಿ ಸರ್, ಗ್ಯಾರಂಟಿ ಹೋಗುತ್ತೆ. ಮೂರು ದಿನದಲ್ಲಿ ನಮ್ಮವರು ಬರ್ತಾರೆ."

"ನನ್ನ ಡಬ್ಬಿ ಬಿಚ್ಚೋಕೆ ನಿಮ್ಮ ಅಪ್ಪಣೆ ಯಾಕ್ರೀ? ನಾಲ್ಕು ಸ್ಕ್ರೂ ಹಾಕಿ, ಒಳಗಿನ ನಕ್ಷೆ ಕೊಡಿ. ರಿಪೇರಿ ನಾವೇ ಮಾಡ್ಕೋತೀವಿ."

"ನಕ್ಷೆ ಕಂಪನಿಯ ಗುಟ್ಟು ಸರ್."

ಮುಳ್ಳಪ್ಪನಿಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಕರೆಯದೇ ಬಂದವರಿಂದ ಹಜಾರ ತುಂಬಿತು. ಮೇಲಿನ ಮನೆಯ ನಿವೃತ್ತ ಇನ್ಸ್‌ಪೆಕ್ಟರು, "ಎರಡು ತಟ್ಟಿ, ತಾನೇ ಬಾಯಿ ಬಿಡುತ್ತೆ" ಎಂದು ತಟ್ಟಿಯೂ ಬಿಟ್ಟರು. ಪಕ್ಕದ ಮನೆಯ ಟೀಚರಮ್ಮ ಈರುಳ್ಳಿ ಹೆಚ್ಚುತ್ತಿದ್ದ ಚಾಕುವನ್ನೇ ತಂದು ಸಂದಿಗೆ ತೂರಿಸಲು ಹೋಗಿ ತುದಿ ಮುರಿದುಕೊಂಡರು. "ನಿಮ್ಮ ಡಬ್ಬಿಯಿಂದ ನನ್ನ ಚಾಕು ಹೋಯ್ತು" ಎಂದು ಮುನಿಸು ಬೇರೆ.

"ಎಲ್ಲರೂ ಸ್ವಲ್ಪ ಕೈ ಕಟ್ಟಿ ನಿಂತ್ಕೊಳ್ಳಿ," ಎಂದು ಗದರಿದ ಮುಳ್ಳಪ್ಪ, ಗಡಿಯಾರದ ಬೆನ್ನು ತೆಗೆಯುವ ಅಲಗನ್ನು ಸಂದಿಗಿಟ್ಟು ಕೂದಲೆಳೆಯಷ್ಟು ಮೀಟಿದ. ಬೆವರು ಮೂಗಿನ ತುದಿಗಿಳಿಯಿತು. ಎರಡೂಮುಕ್ಕಾಲಿಗೆ ಡಬ್ಬಿ ಟಪ್ಪೆಂದು ತೆರೆಯಿತು. ಒಳಗೆ ಒಂದು ವೈರು ಕಳಚಿತ್ತು, ಅಷ್ಟೇ. ಬೆಸುಗೆ ಹಾಕಿದ, ದೀಪ ಹತ್ತಿತು. ಮಗಳನ್ನು ಕೋಣೆಯೊಳಗೆ ಕಳಿಸಿ ಬಾಗಿಲೆಳೆದ.

ಅರ್ಧ ಗಂಟೆಯಾದ ಮೇಲೆ ಅವಳು ಮುಖ ಅರಳಿಸಿಕೊಂಡು ಹೊರಗೆ ಬಂದಳು.

"ಕೆಲಸ ಸಿಕ್ತಪ್ಪ."

ಮುಳ್ಳಪ್ಪನ ಕಣ್ಣು ತುಂಬಿತು. "ಯಾವ ಕಂಪನಿ ಅಂತ ನೀನು ಹೇಳಲೇ ಇಲ್ವಲ್ಲೇ."

"ಇದೇ ಡಬ್ಬಿ ಮಾಡೋರು. ನೀನು ಆಪಾಟಿ ಬೈತಿದ್ದೆ, ಹೇಳೋಕೆ ಭಯ ಆಯ್ತು. ನಮ್ಮ ಡಬ್ಬೀಲಿ ಏನು ದೋಷ ಇದೆ ಅಂತ ಕೇಳಿದ್ರು. ಗಡಿಯಾರದ ಅಲಗು ಹಾಕಿದ್ರೆ ಬಿಚ್ಕೊಳ್ಳುತ್ತೆ, ಒಳಗಡೆ ಸುತ್ತಲೂ ಅಂಟು ಹಾಕ್ಬಿಡಿ, ಆಮೇಲೆ ಯಾರಪ್ಪ ಬಂದ್ರೂ ತೆಗೆಯೋಕಾಗಲ್ಲ ಅಂದೆ. ಎಷ್ಟು ಖುಷಿಪಟ್ರು ಗೊತ್ತಾ? ಆ ಅಂಟಿನ ಕೆಲಸಾನೇ ನನಗೆ ಕೊಟ್ಟಿದ್ದಾರೆ."

ಟೀಚರಮ್ಮ ಸಿಹಿ ಎಲ್ಲಿ ಎಂದರು. ಮುಳ್ಳಪ್ಪನಿಗೆ ಮಗಳನ್ನು ಹರಸಬೇಕೋ ಬೈಯಬೇಕೋ ತಿಳಿಯಲಿಲ್ಲ; ಗಡಿಯಾರದ ಅಲಗನ್ನು ಒರೆಸಿ ಜೇಬಿಗಿಳಿಸಿದ.