ರೇಡಿಯೇಟರಿಗೆ ಹೊಳೆಯ ನೀರು

ಸಂಶಯಪಡುವುದು ಒಳ್ಳೆಯ ಗುಣವೆಂದು ವಿಶ್ವವಿದ್ಯಾಲಯದಲ್ಲಿ ನನಗೆ ಹೇಳಿಕೊಟ್ಟರು. ಮೊದಲು ಯಾರ ಮೇಲೆ ಸಂಶಯಪಡಬೇಕು ಎಂಬುದನ್ನು ಮಾತ್ರ ಹೇಳಿಕೊಡಲಿಲ್ಲ, ಅಥವಾ ಆ ದಿನ ನಾನು ಕ್ಲಾಸಿಗೆ ಹೋಗಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದಾಗಿನಿಂದ ಪಂಚಾಂಗ, ಹವಾಮಾನದ ವರದಿ, ಹಾಲಿನವನ ಅಳತೆ ಎಲ್ಲವನ್ನೂ ಸಂಶಯಿಸುತ್ತ ಬಂದಿದ್ದೇನೆ. ನನ್ನ ನೆನಪನ್ನೂ ನಾನು ನಂಬುವುದಿಲ್ಲವೆಂದು ಹತ್ತು ಮಂದಿಯ ಮುಂದೆ ಹೇಳಿಕೊಳ್ಳುತ್ತೇನೆ. ಅದಕ್ಕೆ ಕಾರಣವೂ ಉಂಟು. ಒಮ್ಮೆ ಗದಗ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರಿಗೆ, ಅವರ ತಂದೆ ತೀರಿಕೊಂಡದ್ದಕ್ಕೆ ಬಹಳ ಹೊತ್ತು ಸಮಾಧಾನ ಹೇಳಿದೆ. ಆ ತಂದೆ ಎರಡು ಹೆಜ್ಜೆಯಾಚೆ ನಿಂತು ಚಹಾ ಕುಡಿಯುತ್ತ, ಯಾರು ಸತ್ತರೆಂದು ಕುತೂಹಲದಿಂದ ಕೇಳುತ್ತಿದ್ದರು. ಆದರೆ ಇಂಥ ನೆನಪು ಕೂಡ ಯಾರೊಡನಾದರೂ ಜಗಳಕ್ಕೆ ನಿಂತಾಗ ಕರಿ ಕೋಟು ತೊಟ್ಟ ವಕೀಲನಂತೆ ಎದ್ದು ನಿಲ್ಲುತ್ತದೆ. ಈಗ ಹೇಳಹೊರಟಿರುವುದು ಅಂಥದೊಂದು ಜಗಳ. ಹೇಳಲು ನಾಚಿಕೆಯಾಗುತ್ತದೆ.

ಎರಡು ಕಾಲೇಜುಗಳಲ್ಲಿ ಪಾಠ ಮಾಡಿ, ಎರಡನ್ನೂ ಬಿಟ್ಟು, ಲಕ್ಷ್ಮೇಶ್ವರದ ಮನೆಗೆ ಬಂದು ಕುಳಿತ ಮೇಲೆ ನನ್ನ ಪಾಲಿಗೆ ಉಳಿದದ್ದು ಅಪ್ಪನ ಹಳೆಯ ಲಾರಿ. ಸುತ್ತಲಿನ ಹಳ್ಳಿಗಳ ಕಡಲೆ, ಗೋವಿನಜೋಳ ತುಂಬಿಕೊಂಡು ಅದು ಗದಗ ಮಾರ್ಕೆಟ್ಟಿಗೆ ಹೋಗುತ್ತದೆ. ಅದನ್ನು ಓಡಿಸುವವನು ಯಳವತ್ತಿಯ ಫಕ್ಕೀರಪ್ಪ. ನನಗಿಂತ ಹತ್ತು ವರ್ಷ ದೊಡ್ಡವನು, ಅಪ್ಪನ ಕಾಲದಿಂದಲೂ ಇದ್ದವನು. ಅವನದೊಂದು ವ್ರತವಿತ್ತು: ಗಾಡಿಗೆ ಹೊಳೆಯ ನೀರು ಬಿಟ್ಟು ಬೇರೆ ನೀರು ಹಾಕುತ್ತಿರಲಿಲ್ಲ. ಮುಂಡರಗಿ ಕಡೆ ಬಾಡಿಗೆ ಬಂದಾಗಲೆಲ್ಲ ಅಷ್ಟು ದೂರ ಮುಂದೆ ಕೊರ್ಲಹಳ್ಳಿಗೆ ಹೋಗಿ, ತುಂಗಭದ್ರೆಯಲ್ಲಿ ಎರಡು ಕ್ಯಾನು ತುಂಬಿ, ಕ್ಯಾಬಿನ್ ಹಿಂದೆ ಕಟ್ಟಿಕೊಂಡು ಬರುತ್ತಿದ್ದ. "ಬೋರಿನ ನೀರು ಕುಡದ್ರ ಗಾಡಿಗೆ ಹೊಟ್ಟಿನೋವು ಬರ್ತೈತ್ರಿ ಸರ" ಎನ್ನುತ್ತಿದ್ದ. ನಾನು ನಗುತ್ತಿದ್ದೆ. ಲಾರಿಯ ಮುಂದೆ ಅಮಾವಾಸ್ಯೆಗೊಮ್ಮೆ ಅವನು ಕಟ್ಟುವ ಲಿಂಬಿಹಣ್ಣು, ಮೆಣಸಿನಕಾಯಿಗಳ ಸಾಲಿಗೇ ಈ ಮಾತನ್ನೂ ಸೇರಿಸಿಬಿಟ್ಟಿದ್ದೆ.

ಈ ಬೇಸಿಗೆಯಲ್ಲಿ ಲಾರಿ ಕಾಯತೊಡಗಿತು. ತುಂಬಿದ ಗಾಡಿ ಶಿರಹಟ್ಟಿ ದಾಟುವಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿ ನಿಲ್ಲುತ್ತಿತ್ತು. ಮುಳ್ಳು ಸುಳ್ಳು ಹೇಳುತ್ತಿದೆಯೆಂದು ನಾನು ಸಂಶಯಪಟ್ಟೆ. ಮರುದಿನ ಬಾನೆಟ್ಟಿನೊಳಗಿಂದ ಹಬೆ ಎದ್ದಾಗ ಮುಳ್ಳಿನ ಕ್ಷಮೆ ಕೇಳಬೇಕಾಯಿತು. ರೇಡಿಯೇಟರಿನ ಮುಂದೆ ಅಂಟಿದ್ದ ಹೊಟ್ಟು, ಧೂಳು ತೊಳೆದೆವು, ಹಾಗೆಯೇ ಕಾಯಿತು. ಫ್ಯಾನ್ ಬೆಲ್ಟ್ ಬಿಗಿ ಮಾಡಿದೆವು, ಆಗಲೂ ಕಾಯಿತು. ನೀರು ಬಿಸಿಯಾದಾಗ ದಾರಿ ಬಿಡಬೇಕಾದ ಥರ್ಮೋಸ್ಟಾಟ್ ಎಂಬುದೊಂದುಂಟು. ಅದನ್ನು ಬಿಚ್ಚಿ ತಂದು, ಮನೆಯಲ್ಲಿ ಹಾಲಿನ ಪಾತ್ರೆಯೊಳಗೆ ಕುದಿಸಿ ಪರೀಕ್ಷಿಸಿದೆ. ಅದು ಸರಿಯಾಗಿಯೇ ಬಾಯಿ ತೆರೆಯಿತು. ಹೆಂಡತಿ ಅಂದಿನಿಂದ ಆ ಪಾತ್ರೆಯಲ್ಲಿ ನನಗೊಬ್ಬನಿಗೇ ಚಹಾ ಮಾಡುತ್ತಾಳೆ.

ಕೊನೆಗೆ ಬೆಟಗೇರಿಯ ಇಮಾಮಸಾಬ್ ಮಿಸ್ತ್ರಿಯ ಬಳಿಗೆ ಹೋದೆವು. ರೇಡಿಯೇಟರ್ ದುರಸ್ತಿಯೊಂದನ್ನೇ ಮಾಡಿಕೊಂಡು ಬಂದ ಮನೆತನ. ಇಮಾಮಸಾಬರು ಅದನ್ನು ಇಳಿಸಿ, ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಿ ತೋರಿಸಿದರು. ಸಣ್ಣ ಕೊಳವೆಗಳಲ್ಲಿ ಅರ್ಧಕ್ಕರ್ಧ ಬೆಳ್ಳಗೆ ಕಟ್ಟಿಕೊಂಡಿದ್ದವು. "ಇದು ರೇಡಿಯೇಟರ್ ಅಲ್ರಿ ಸರ, ಸುಣ್ಣದ ಭಟ್ಟಿ" ಎಂದರು.

ಸುಣ್ಣ ಎಂದದ್ದೇ ತಡ, ನನ್ನೊಳಗಿನ ಮಾಸ್ತರ ಎದ್ದ. ಲಾರಿಯ ಮುಂದಿದ್ದ ಲಿಂಬಿಹಣ್ಣನ್ನು ಕಿತ್ತು, ಹೆಪ್ಪುಗಟ್ಟಿದ ಬಿಳಿ ಚೂರಿನ ಮೇಲೆ ಹಿಂಡಿದೆ. ಸಣ್ಣಗೆ ನೊರೆ ಬಂತು. ಚಹಾ ಕುಡಿಯುತ್ತ ಕುಳಿತಿದ್ದ ನಾಲ್ಕಾರು ಡ್ರೈವರುಗಳಿಗೆ ಗಡಸು ನೀರಿನ ಗುಣಲಕ್ಷಣಗಳನ್ನು ವಿವರಿಸಿ, ಫಕ್ಕೀರಪ್ಪನ ಕಡೆ ತಿರುಗಿದೆ.

"ಹೊಳಿಗೆ ಹೋಗಾಕ ಬ್ಯಾಸರಾಗಿ ಬೋರಿನ ನೀರು ಹಾಕೀದಿ, ಹೌದಿಲ್ಲೋ?"

"ಇಲ್ರಿ ಸರ."

"ಹಂಗಾರ ಸುಣ್ಣ ಮ್ಯಾಲಿಂದ ಬಿತ್ತೇನು?"

"ನನ್ನ ಕಣ್ಣಿನ ಆಪರೇಶನ್ ಆದಾಗ ತಿಂಗಳಗಟ್ಲೆ ಗಾಡಿ ಯಾರು ಹೊಡದ್ರು, ಸ್ವಲ್ಪ ನೆನಪ ಮಾಡ್ಕೋರಿ."

"ನಾನ ಹೊಡದೆ. ಪೈಪ್ ಸೋರತಿತ್ತು, ದಿನಾ ನೀರೂ ಹಾಕೇನಿ. ಕ್ಯಾನಿನಾಗಿನ ಹೊಳಿ ನೀರ ಹಾಕೇನಿ. ನನಗ ಛಲೋ ನೆನಪೈತಿ."

ಖರೆಯೇ, ನೆನಪಿತ್ತು. ಕ್ಯಾನಿನ ನೀಲಿ ಬಣ್ಣ, ಮುಚ್ಚಳಕ್ಕೆ ಕಟ್ಟಿದ ದಾರ ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಫಕ್ಕೀರಪ್ಪ ಕಿಸೆಯಿಂದ ಮೊಬೈಲ್ ತೆಗೆದ, ಅದನ್ನೇ ಒಂದು ಗಳಿಗೆ ನೋಡಿದ, ಮತ್ತೆ ಕಿಸೆಗಿಟ್ಟ. ಲಾರಿಯ ಕೀಲಿಯನ್ನು ಬೆಂಚಿನ ಮೇಲಿಟ್ಟು, "ನಂಬಿಕಿ ಇಲ್ಲದಲ್ಲಿ ಸ್ಟೇರಿಂಗ್ ಹಿಡ್ಯಾಕ ಆಗೂದಿಲ್ರಿ. ನಿಮ್ಮ ಅಪ್ಪಾರು ಒಂದ ದಿನಾನೂ ಇಂಥ ಮಾತು ಅಂದಿಲ್ಲ" ಎಂದವನೇ ಊರಿನ ಬಸ್ಸು ಹಿಡಿದು ಹೋದ.

ಮರುದಿನ, ಬೇರೆ ಡ್ರೈವರನ್ನು ನೋಡಿಕೊಂಡಿದ್ದೇನೆಂದು ಅವನಿಗೆ ಖಡಕ್ಕಾಗಿ ಬರೆಯಲು ಮೊಬೈಲ್ ತೆರೆದೆ. ಅವನಿಗೆ ನಾನು ಹಿಂದೆ ಕಳಿಸಿದ್ದೊಂದು ವಿಡಿಯೋ ಅಲ್ಲಿತ್ತು. ಅಂತೂರ ಬೆಂತೂರ ಎಂಬ ಹಳ್ಳಿಯ ಯಾರದೋ ಹೊಲ, ಧೋ ಎಂದು ಸುರಿಯುವ ಬೋರ್‌ವೆಲ್, ಪೈಪು ಹಿಡಿದು ರೇಡಿಯೇಟರಿಗೆ ನೀರು ಬಿಡುತ್ತಿರುವ ನಾನು. "ನೋಡು ಫಕ್ಕೀರಪ್ಪ, ಹೊಳಿ ನೀರು, ಬೋರಿನ ನೀರು ಎಲ್ಲಾ ಒಂದ. ಇದಕ್ಕ ವಿಜ್ಞಾನ ಅಂತಾರ" ಎಂದು ನನ್ನದೇ ಮುಖ ಹಲ್ಲು ಕಿರಿಯುತ್ತಿತ್ತು. ಅವನ ಆಪರೇಶನ್ನಿನ ದಿನಗಳ ಇಂಥವು ಇನ್ನೂ ಮೂರು. ಪ್ರತಿಯೊಂದರ ಕೆಳಗೂ ಅವನು ಕಳಿಸಿದ್ದು ಕೈಮುಗಿಯುವ ಒಂದು ಚಿತ್ರ, ಅಷ್ಟೇ. ನೀಲಿ ಕ್ಯಾನು ಎಲ್ಲಿಯೂ ಇರಲಿಲ್ಲ.

ಅಷ್ಟು ಜನರೆದುರು ಇದನ್ನು ತೋರಿಸಿ ನನ್ನ ಬಾಯಿ ಮುಚ್ಚಿಸಬಹುದಿತ್ತು. ಅವನು ಮೊಬೈಲನ್ನು ಕಿಸೆಗಿಟ್ಟಿದ್ದ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತವೆ. ಆ ಬಿಸಿಗೆ ಬೆಟಗೇರಿಯಲ್ಲಿ ದುರಸ್ತಿಯಿಲ್ಲ. ಅಪವಾದ ಹೊರಿಸಿದ ಜಾಗದಲ್ಲೇ ತಪ್ಪೊಪ್ಪಿಕೊಳ್ಳಬೇಕೆಂದು ಮೊದಲು ಇಮಾಮಸಾಬರ ಅಂಗಡಿಗೆ ಹೋದೆ. ಅವರು ಕೊಳವೆಗಳಲ್ಲಿ ಸಣ್ಣ ಸಲಾಕೆ ಆಡಿಸುತ್ತ, ತಲೆಯೆತ್ತದೆ ಹೇಳಿದರು: "ನಮಗೆಲ್ಲಾ ಗೊತ್ತಿತ್ರಿ ಸರ. ಆ ವಿಡಿಯೋ ಅವಾ ಆಗ ಚಾಷ್ಟಿಗೆ ತೋರಿಸಿದ್ದ. ನಿನ್ನಿ ಸುಮ್ಮನಿರ್ರಿ ಅಂತ ಅವನೇ ಕಣ್ಸನ್ನಿ ಮಾಡಿದ. ಅದೇನ ಇರ್ಲಿ, ಲಿಂಬಿಹಣ್ಣಿನ ಪಾಠ ಮಾತ್ರ ಛಲೋ ಇತ್ತು."

ಅಲ್ಲಿಂದ ಯಳವತ್ತಿಗೆ ಹೋದೆ. ಫಕ್ಕೀರಪ್ಪ ಕಟ್ಟೆಯ ಮೇಲಿದ್ದ. "ಬರ್ರಿ ಸರ, ಕುಂಡ್ರಿ" ಎಂದು ಚಹಾ ಕೊಡಿಸಿದ. ನಾನು ಕೈಮುಗಿದು "ತಪ್ಪಾತು" ಎಂದೆ. ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ಬಂದ. ಕೊಳವೆಗಳು ಶುದ್ಧವಾಗಿದ್ದವು, ಸೋರುವ ಪೈಪು ಬದಲಾಗಿತ್ತು, ಮುಳ್ಳು ಅರ್ಧಕ್ಕಿಂತ ಮೇಲೇರಲಿಲ್ಲ.

ಹೋದ ವಾರ ಅವನು ಮನೆಗೆ ಬಂದಿದ್ದಾಗ, ಹಿರಿಯನೆದುರು ನಾನು ಹೇಗೆ ಅಹಂಕಾರ ಬಿಟ್ಟು ಕೈಮುಗಿದು "ತಪ್ಪಾತು" ಎಂದೆನೆಂದು ಹೆಂಡತಿಗೆ ಬಣ್ಣಿಸುತ್ತಿದ್ದೆ. ಫಕ್ಕೀರಪ್ಪ ತಲೆ ತಗ್ಗಿಸಿ ನಕ್ಕ.

"ನೀವು ಹಂಗ ಅಂದಿಲ್ರಿ ಸರ."

"ಮತ್ತ ಏನಂದೆ?"

"ಆ ವಿಡಿಯೋ ಡಿಲೀಟ್ ಮಾಡಿಬಿಡು ಅಂದ್ರಿ."

ವಾದಿಸಲು ಬಾಯಿ ತೆರೆದೆ. ನೀಲಿ ಕ್ಯಾನು ನೆನಪಾಯಿತು. "ಹಂಗಾರ ತಿರುಗಿ ಯಾಕ ಬಂದಿ?" ಎಂದು ಮೆಲ್ಲಗೆ ಕೇಳಿದೆ.

"ಗಾಡಿ ನಿಮ್ಮ ಕೈಯಾಗ ಬಿಟ್ರ ಮತ್ತ ಬೋರಿನ ನೀರು ಕುಡಸ್ತೀರಿ ಅಂತ. ಅದರ ಮ್ಯಾಲ ಕರುಣಾ ಬಂತ್ರಿ."

ಎದ್ದು ನಿಂತು, ಎರಡೂ ಕೈ ಮುಗಿದು, ಸ್ಪಷ್ಟವಾಗಿ "ತಪ್ಪಾತು ಫಕ್ಕೀರಪ್ಪ" ಎಂದೆ. ಹಾಗೆ ಅಂದೆನೆಂದೇ ನನ್ನ ನೆನಪು. ಹೆಂಡತಿ ಅಲ್ಲೇ ಕುಳಿತಿದ್ದಳು. ಅವಳನ್ನು ಕೇಳಿ ನೋಡುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.