ಗಿರಿಮಲ್ಲಪ್ಪ ಮೀಟರಿಗೆ ಇಳಿದದ್ದು

ಜಗಳ ಹುಟ್ಟಿದ್ದು ಶಿವಪುತ್ರನ ಚಹಾದಂಗಡಿಯ ಪರದೆಯಿಂದ. ಬಾಗಿಲಿಗೆ ಪರದೆ ಬೇಕು, ಉದ್ದ ‘ಎರಡು’ ಎಂದಷ್ಟೇ ಶಿವಪುತ್ರ ಹೇಳಿದ್ದ. ಬನಹಟ್ಟಿಯ ಅದೇ ಓಣಿಯ ಅರಿವೆ ಅಂಗಡಿಯ ಅಪ್ಪಾಸಾಬ ಅದನ್ನು ಎರಡು ಮೀಟರ್ ಎಂದು ತಿಳಿದು ಹರಿದುಕೊಟ್ಟ. ಪಕ್ಕದ ಅಂಗಡಿಯ ಟೇಲರ್ ಗಿರಿಮಲ್ಲಪ್ಪ ಅದನ್ನು ಎರಡು ವಾರ, ಅಂದರೆ ಎರಡು ಗಜ, ಬರೋಬ್ಬರಿ ಆರಡಿ, ಎಂದು ತಿಳಿದು ಹೆಚ್ಚಾದದ್ದನ್ನು ಕತ್ತರಿಸಿ ಹೊಲಿದ. ಪರದೆ ಏಳು ಇಂಚು ಗಿಡ್ಡವಾಯಿತು. ಒಳಗೆ ಕೂತು ಚಹಾ ಕುಡಿಯುವವರ ಕಾಲು ನೋಡಿಯೇ ಸಾಲ ಕೊಟ್ಟವರು ಗುರುತು ಹಿಡಿಯತೊಡಗಿದರು.

ತಪ್ಪು ಯಾರದು ಎಂಬ ಮಾತು ಬಂತು.

“ಇಂಚು, ಅಡಿ ಎಲ್ಲಾ ಇಂಗ್ಲಿಷರದು. ಅವ್ರು ಹೋಗಿ ಎಷ್ಟ ವರ್ಷಾತು, ನೀ ಇನ್ನೂ ಅವ್ರ ಟೇಪು ಕೊಳ್ಳಾಗ ಹಾಕ್ಕೊಂಡ ಕುಂತೀದಿ,” ಎಂದ ಅಪ್ಪಾಸಾಬ.

“ಮೀಟರೇನ್ ನಮ್ಮ ರಬಕವಿಯೊಳಗ ಹುಟ್ಟೇತೇನು?” ಎಂದ ಗಿರಿಮಲ್ಲಪ್ಪ.

ಮಂದಿ ನಕ್ಕರು. ಅಪ್ಪಾಸಾಬನಿಗೆ ತಡೆಯಲಾಗಲಿಲ್ಲ. “ನಿನ್ನ ಅಳತಿ ಹಳೇದಾತೋ ಗಿರಿಮಲ್ಲ. ನೀನೂ ಹಳಬ ಆದಿ,” ಎಂದುಬಿಟ್ಟ.

ಹತ್ತು ಮಂದಿಯ ಮುಂದೆ ಬಂದ ಆ ಮಾತು ಗಿರಿಮಲ್ಲಪ್ಪನಿಗೆ ಸೂಜಿಯಂತೆ ನಾಟಿತು. ಅಂದಿನಿಂದ ಇಬ್ಬರೂ ಮಾತು ಬಿಟ್ಟರು. ಎರಡು ಅಂಗಡಿಗಳ ನಡುವೆ ಇರುವುದು ಒಂದೇ ಗೋಡೆ. ಹದಿನೆಂಟು ದಿನ ಒಬ್ಬರ ಕೆಮ್ಮನ್ನು ಒಬ್ಬರು ಕೇಳುತ್ತ ಕೂತರು.

ಹದಿನೆಂಟನೆಯ ದಿನ ಬೆಳಿಗ್ಗೆ ಶಿವಪುತ್ರ ಚಹಾದ ಜೊತೆಗೆ ಸುದ್ದಿಯನ್ನೂ ತಂದ. “ನಾಳೆ ಪೂನಮ್‌ಂದು ನಿಶ್ಚಯ ಐತಲ್ಲ ಅಣ್ಣಾ, ಅಪ್ಪಾಸಾಬಣ್ಣ ಮಧ್ಯಾಹ್ನ ಜಮಖಂಡಿಗಿ ಹೊಂಟಾನಂತ. ರೆಡಿಮೇಡ್ ಅಂಗಿ ತರಾಕ.”

ಗಿರಿಮಲ್ಲಪ್ಪನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಅಪ್ಪಾಸಾಬನ ಮದುವೆಯ ಅಂಗಿ ಹೊಲಿದವನು ಅವನು. ಮಗಳು ಪೂನಮ್‌ಳ ಹೆಸರಿಡುವ ದಿನದ ಅಂಗಿ ಹೊಲಿದವನೂ ಅವನೇ. ನಲವತ್ತು ವರ್ಷದಲ್ಲಿ ಬೇರೆ ಯಾರ ಕತ್ತರಿಯೂ ಆ ಮೈಯ ಲೆಕ್ಕ ನೋಡಿರಲಿಲ್ಲ. ಮಗಳ ನಿಶ್ಚಯದ ದಿನ ಅಪ್ಪಾಸಾಬ ಯಾರೋ ಹೊಲಿದ ಅಂಗಿ ತೊಟ್ಟು ನಿಂತರೆ, ಅಲ್ಲಿಗೆ ಗೆಳೆತನ ಮುಗಿದಂತೆಯೇ.

“ಹೋಗಿ ಮಾತಾಡ್ರಿ,” ಎಂದಳು ಕಾಜಾ ಹಾಕುತ್ತ ಕೂತಿದ್ದ ಹೆಂಡತಿ ಸಿದ್ದಕ್ಕ.

“ಅಂದಾಂವ ಅಂವ. ನಾ ಯಾಕ ಹೋಗ್ಲಿ?”

“ಹಂಗಾರ ಸುಮ್ನ ಕುಂಡರ್ರಿ.”

ಸುಮ್ಮನೆ ಕೂಡಲು ಆಗಲಿಲ್ಲ. ಹತ್ತು ನಿಮಿಷ ಚಡಪಡಿಸಿ ಗಿರಿಮಲ್ಲಪ್ಪ ಒಂದು ದಾರಿ ಹುಡುಕಿದ. ಬಾಯಿಬಿಟ್ಟು ಸೋಲುವುದು ಬೇಡ, ಅಳತೆಯಲ್ಲಿ ಸೋಲೋಣ. ಅಪ್ಪಾಸಾಬನ ಅಂಗಡಿಯಿಂದಲೇ ಅರಿವೆ ತರಿಸಿ, ಅವನ ಮೀಟರಿನಲ್ಲೇ ಕೇಳಿ, ಮಧ್ಯಾಹ್ನದೊಳಗೆ ಅಂಗಿ ಹೊಲಿದು ಅವನ ಮುಂದೆ ಇಟ್ಟುಬಿಡುವುದು.

ಅಪ್ಪಾಸಾಬನ ನೆಹರು ಅಂಗಿಗೆ ಬೇಕಾದದ್ದು ಮೂರೂವರೆ ವಾರ. ಶಿವಪುತ್ರ ಮೊಬೈಲ್ ತೆಗೆದು ಲೆಕ್ಕ ಮಾಡಿ “ಮೂರು ಪಾಯಿಂಟ್ ಎರಡು ಮೀಟರ್” ಎಂದ. ಗಿರಿಮಲ್ಲಪ್ಪ ಚೀಟಿಯಲ್ಲಿ ‘ಬಿಳಿ ಪಾಪ್ಲಿನ್, 3.2’ ಎಂದು ಬರೆದ. ಅವರಿಬ್ಬರ ಚೀಟಿಗಳಲ್ಲಿ ನಲವತ್ತು ವರ್ಷವೂ ಬರೀ ಅಂಕಿಯೇ ಇರುತ್ತಿತ್ತು. ಟೇಲರ್ ಬರೆಯುವುದು ವಾರ, ಅಂಗಡಿಯವನು ಅದನ್ನು ಮನಸ್ಸಿನಲ್ಲೇ ಮೀಟರ್ ಮಾಡಿ ಅಳೆಯುವುದು, ಇದು ರೂಢಿ.

ಸಿದ್ದಕ್ಕ ಚೀಟಿ ಒಯ್ದಳು, ಅರಿವೆ ತಂದಳು. “ಚೀಟಿ ನೋಡಿ ಬಾಳ ಹೊತ್ತು ನಿಂತಿದ್ರು. ಆಮ್ಯಾಲ ಒಳಗ ಹೋಗಿ ಅಳದ ಕೊಟ್ರು. ಮಾತಿಲ್ಲ,” ಎಂದಳು.

ಮೀಟರಿಗೆ ಇಳಿದ ಮೇಲೆ ಪೂರ್ತಿ ಇಳಿಯಬೇಕೆಂದು ಗಿರಿಮಲ್ಲಪ್ಪ ಟೇಪನ್ನು ತಿರುವಿ ಸೆಂಟಿಮೀಟರಿನ ಬದಿ ಹಿಡಿದ. ನಲವತ್ತೆರಡಿದ್ದ ಗೆಳೆಯನ ಎದೆ ಒಮ್ಮೆಲೇ ನೂರಾ ಏಳಾದದ್ದನ್ನು ಕಂಡು ಗಾಬರಿಯಾಗಿ ಎರಡು ಸಲ ನೀರು ಕುಡಿದ. ಆದರೂ ಮೈ ಕತ್ತರಿಸಿದ, ಕೊರಳು ಕತ್ತರಿಸಿದ, ಬಲ ತೋಳು ಕತ್ತರಿಸಿದ. ಎಡ ತೋಳಿಗೆ ಬಂದಾಗ ಅರಿವೆಯೇ ಇರಲಿಲ್ಲ. ಮೇಜಿನ ಕೆಳಗೆ ನೋಡಿದ. ಸಿದ್ದಕ್ಕನನ್ನು ಎಬ್ಬಿಸಿ ಅವಳು ಕೂತ ಚಾಪೆಯನ್ನೂ ಝಾಡಿಸಿದ.

ಮೂಗು ತೂರಿಸಲು ಶಿವಪುತ್ರ ಅಲ್ಲೇ ಇದ್ದ. “ಸಿಟ್ಟಿಗಿ ಕಡಿಮಿ ಕೊಟ್ಟಾನ ನೋಡಣ್ಣ. ಅತ್ತಾಗ ಚಪ್ಪಲ್ ಮೆಟ್ಟಾಕತ್ತಾನ, ಬಸ್ಸಿನ ಹೊತ್ತಾತು.”

ಗಿರಿಮಲ್ಲಪ್ಪನ ತಲೆ ಬಿಸಿಯಾಯಿತು. ಒಂಟಿ ತೋಳಿನ ಅಂಗಿಯನ್ನು ಭರಭರನೆ ಹೊಲಿದು, ಹೆಗಲ ಮೇಲೆ ಹಾಕಿಕೊಂಡು ಪಕ್ಕದ ಅಂಗಡಿಗೆ ನುಗ್ಗಿದ.

“ಜಗಳ ನನ್ನ ಜೋಡಿ ಮಾಡು. ಅರಿವಿಯೊಳಗ ಯಾಕ ತೀರಸ್ಕೋತಿ?”

“ನೀ ಬರದಷ್ಟ ಕೊಟ್ಟೇನಿ,” ಎಂದು ಅಪ್ಪಾಸಾಬ ಮರದ ಅಳತೆಗೋಲೊಂದನ್ನು ಎತ್ತಿ ತೋರಿಸಿದ. “ಇದರಾಗ ಅಳದೇನಿ.”

ಅದು ಮೂರಡಿಯ ಗೋಲು. ವಾರದ್ದು.

“ಇದೆಲ್ಲಿತ್ತು?” ಎಂದ ಗಿರಿಮಲ್ಲಪ್ಪ.

“ನಮ್ಮಪ್ಪಂದು. ಅಟ್ಟದ ಮ್ಯಾಲಿಂದ ತಗದೆ. ಮಂದಿ ಮುಂದ ನಿನಗ ಹಂಗ ಅನಬಾರದಿತ್ತು. ಅವತ್ತಿಂದ ರೊಟ್ಟಿ ರುಚಿ ಹತ್ತಿಲ್ಲ ನನಗ. ನಿನ್ನ ಚೀಟಿ ಬಂದ್ರ ಇನ್ನ ನಿನ್ನ ಅಳತೀಲೇ ಕೊಡೂದು ಅಂತ ಆಣಿ ಮಾಡಿದ್ದೆ. ವಾರದಾಗ ಪಾಯಿಂಟ್ ಎರಡು ಎಲ್ಲೀದಂತ ಅನಿಸಿತು. ಸಿಟ್ಟಿನ್ಯಾಗ ಬರದಿರಬೇಕು ಅನ್ಕೊಂಡೆ.”

“ನಾ ಬರದದ್ದು ಮೀಟರೋ.”

“ನೀನು? ಮೀಟರು?”

“ನಿನ್ನ ಸಲುವಾಗಿ. ಅಂಗೀನೂ ನಿಂದ. ನಾಳಿಗಿ.”

ಅಪ್ಪಾಸಾಬ ಅಂಗಿಯನ್ನು ಕೈಗೆ ತೆಗೆದುಕೊಂಡ. ಇದ್ದ ಒಂದು ತೋಳನ್ನು ಸವರುತ್ತ ಕಣ್ಣು ಒರೆಸಿಕೊಂಡ. ಒಡಹುಟ್ಟಿದವರ ಮೇಲೂ ಗಿರಿಮಲ್ಲಪ್ಪನಿಗೆ ಇಷ್ಟು ಜೀವ ಇರಲಿಲ್ಲ.

“ಜಮಖಂಡಿ ಸುಡ್ಲಿ. ತಡಿ, ತೋಳಿಗಿ ಅರಿವಿ ಕೊಡ್ತೇನಿ,” ಎಂದು ಅಪ್ಪಾಸಾಬ ಮರದ ಗೋಲು ಹಿಡಿದ.

“ಅದು ಬ್ಯಾಡ. ಮೀಟರ್ ಪಟ್ಟಿ ತಗಿ.”

“ಇನ್ನ ನಿನಗ ವಾರನ.”

“ಆಗಾಂಗಿಲ್ಲ. ನಿನ್ನ ಸಲುವಾಗಿ ನಾ ಬದಲಾಗೇನಿ.”

“ನಿನ್ನ ಸಲುವಾಗಿ ನಾ ಆಣಿ ಮಾಡೇನಿ.”

“ನಲವತ್ತು ವರ್ಷದಾಗ ಇವತ್ತೊಂದ ದಿನ ನಿನ್ನ ಮಾತು ಕೇಳಾಕ ಬಂದೇನಿ. ಅದಕೂ ಅಡ್ಡ ಹಾಕ್ತೀ. ಮೊಂಡ ಅದೀ ನೀ.”

“ಯಾರು ಮೊಂಡ? ವಾರದಾಗ ತಗೋತೀಯೋ ಇಲ್ಲೋ?”

ಗಿರಿಮಲ್ಲಪ್ಪ ಅಂಗಿ ಕಸಿದುಕೊಂಡು ಬಂದುಬಿಟ್ಟ.

“ಮಾತಾಡಿದ್ರ್ಯಾ?” ಎಂದು ಸಿದ್ದಕ್ಕ ಕೇಳಿದಳು.

“ಮಾತಾಡಿದ್ವಿ. ಎಲ್ಲಾ ಬಗೀಹರೀತು.”

“ತೋಳಿನ ಅರಿವಿ?”

“ಕೊಡ್ಲಿಲ್ಲ. ಮಾತು ಬಿಟ್ಟೇವಿ.”

ಸಂಜೆ ಪೂನಮ್ ನಗು ತಡೆಯುತ್ತ ಬಂದು ಬಾಗಿಲಲ್ಲಿ ನಿಂತಳು. “ಕಾಕಾ, ಅಪ್ಪ ಅಂಗಿ ಇಸ್ಕೊಂಡ ಬಾ ಅಂದಾನ್ರಿ.”

“ಒಂದ ತೋಳು ಐತವಾ ಅದಕ.”

“ಮ್ಯಾಲೆ ಶಾಲು ಹೊಚ್ಕೋತಾನಂತ್ರಿ. ಬ್ಯಾರೆ ಅಂಗಿ ಒಲ್ಲೆ ಅಂದಾನ. ನಿಮ್ಮ ಜೋಡಿ ಮಾತ್ರ ಮಾತಾಡಾಂಗಿಲ್ಲಂತ.”

ಗಿರಿಮಲ್ಲಪ್ಪ ಅಂಗಿಗೆ ಇನ್ನೊಮ್ಮೆ ಇಸ್ತ್ರಿ ಹಾಕಿ, ಮಡಚಿ, ಅವಳ ಕೈಯಲ್ಲಿಟ್ಟ.

“ನಾನೂ ಮಾತಾಡಾಂಗಿಲ್ಲ ಅಂತ ಹೇಳವಾ. ಬಿಸಲಾಗ ಶಾಲು ಹೊಚ್ಚಿ ತಲಿ ತಿರುಗೀತು, ತೋಳ ಇರೂ ಬಲಗಡಿ ಅಷ್ಟ ಸರಿಸಿ ಗಾಳಿ ತಗೊ ಅಂತನೂ ಹೇಳು.”