ತಟ್ಟೆಯಲ್ಲಿ ಬಾರದ ಕುದುರೆ

ಕುದುರೆಯ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂದು ಆ ಕಾಲದಲ್ಲಿ ನಾನು ನಂಬಿದ್ದೆ. ನಂಬಲು ಕಾರಣವೂ ಇತ್ತು. ನೆಗಮಂನಿಂದ ಪೊಳ್ಳಾಚಿಗೆ ಜಟಕಾದಲ್ಲಿ ಹೋಗುವಾಗಲೆಲ್ಲ ನಾನು ಗಾಡಿಯವನ ಪಕ್ಕದಲ್ಲೇ ಕೂರುತ್ತಿದ್ದೆ. ಕುದುರೆಯ ಹಿಂಭಾಗವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿದವರು ನಮ್ಮ ನೇಕಾರರ ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಆದ್ದರಿಂದ, ಪೊಳ್ಳಾಚಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ನನ್ನ ಮಾಮ, ಅಂದರೆ ಅವ್ವನ ತಮ್ಮ, ತನ್ನ ಮಗಳು ರುಕ್ಕುವನ್ನು ನನಗೆ ಕೊಡುವುದೆಂದು ವೀಳ್ಯ ಬದಲಾಯಿಸಿದ ದಿನ ಒಂದು ಕುದುರೆಯನ್ನೂ ಕೊಟ್ಟಾಗ ನನಗೆ ಆಶ್ಚರ್ಯವಾಗಲಿಲ್ಲ. ಮೆರವಣಿಗೆಯಲ್ಲಿ ಅಳಿಯ ಕುದುರೆಯೇರಿ ಬರಬೇಕೆಂಬುದು ಮಾಮನ ಆಸೆ. ಮದುವೆಯ ಹೊತ್ತಿಗೆ ನನಗೂ ಕುದುರೆಗೂ ಪರಿಚಯವಾಗಲಿ ಎಂದು ಮುಂಚೆಯೇ ಸಂತೆಯಿಂದ ತಂದಿದ್ದ. ಕುದುರೆಯನ್ನು ಬಾಗಿಲ ಮುಂದೆ ನಿಲ್ಲಿಸಿ, ಅದರ ಹಗ್ಗದ ತುದಿಯನ್ನು ವೀಳ್ಯದೆಲೆ, ತೆಂಗಿನಕಾಯಿಗಳ ಜೊತೆ ತಟ್ಟೆಯಲ್ಲಿಟ್ಟು ನನ್ನ ಕೈಗೆ ಕೊಟ್ಟ. ಬಾಗಿಲ ಸಂದಿಯಿಂದ ರುಕ್ಕು ನಕ್ಕಳು. ನನ್ನನ್ನು ನೋಡಿಯೋ ಕುದುರೆಯನ್ನು ನೋಡಿಯೋ, ನಾನು ವಿಚಾರಿಸಲಿಲ್ಲ.

ಕುದುರೆಗೆ ಹುರುಳಿ ಹಾಕಬೇಕೆಂದು ಯಾರೋ ಹೇಳಿದರು. ನೇಕಾರರ ಮನೆಯಲ್ಲಿ ಹುರುಳಿ ಎಲ್ಲಿಂದ ಬರಬೇಕು? ನಮ್ಮಲ್ಲಿ ಧಾರಾಳವಾಗಿ ಇದ್ದದ್ದು ಗಂಜಿ. ಹಾಸಿನ ನೂಲನ್ನು, ಅಂದರೆ ಸೀರೆಯ ಉದ್ದದೆಳೆಗಳನ್ನು, ಬೀದಿಯುದ್ದಕ್ಕೂ ಎಳೆದು ಕಟ್ಟಿ, ಅಕ್ಕಿಗಂಜಿ ಸವರಿ, ಕುಂಚದಿಂದ ಉಜ್ಜಿ ಒಣಗಿಸಿದ ಮೇಲೇ ಅದು ಮಗ್ಗ ಏರುವುದು. ಉಳಿದ ಗಂಜಿಯನ್ನು ಕುದುರೆಗೆ ಇಟ್ಟೆ. ಅದು ಮಡಕೆಯ ತಳವನ್ನೂ ನೆಕ್ಕಿತು. ಅಂದಿನಿಂದ ದಿನವೂ ಗಂಜಿಯೇ. ನನ್ನ ಅಶ್ವಪಾಂಡಿತ್ಯದ ಬಗ್ಗೆ ನನಗೇ ಗೌರವ ಹೆಚ್ಚಾಯಿತು.

ಅಷ್ಟರಲ್ಲಿ ಸಂಬಂಧ ಮುರಿಯಿತು. ಅದನ್ನು ಮುರಿದದ್ದು ಒಂದು ಸೀರೆ. ಮದುಮಗಳು ಉಡುವ ಸೀರೆ ಗಂಡಿನ ಮನೆಯ ಮಗ್ಗದಲ್ಲೇ ಆಗಬೇಕೆಂಬುದು ನಮ್ಮ ಮನೆಯ ಪದ್ಧತಿ. ಮಾಮ ಶೋಕಿಗೆ ಬಿದ್ದು ಕೊಯಮತ್ತೂರಿನ ಅಂಗಡಿಯಿಂದ ಮಿಲ್ಲಿನ ಸೀರೆ ತಂದು ತೋರಿಸಿದ. ಅವ್ವ ಅದನ್ನು ಮುಟ್ಟಲೂ ಇಲ್ಲ.

"ನೇಯೋರ ಮನೇಗೆ ಅಂಗ್ಡಿ ಸೀಲೆ ಉಟ್ಕೊಂಡು ಬರೋ ಸೊಸೆ ನಂಗ್ ಬ್ಯಾಡಪ್ಪ" ಎಂದಳು.

ಅಕ್ಕತಮ್ಮಂದಿರ ನಡುವೆ ಚಿಕ್ಕಂದಿನ ಜಗಳಗಳೆಲ್ಲ ಎದ್ದು ಬಂದವು. ಸಂಜೆಯ ಹೊತ್ತಿಗೆ ಮದುವೆ ನಿಂತಿತ್ತು. ನಾನು ಅಷ್ಟು ಹೊತ್ತೂ ಕುದುರೆಯ ಕತ್ತು ಸವರುತ್ತಾ ಗಂಭೀರವಾಗಿ ನಿಂತಿದ್ದೆ.

ಮಾತು ಮುರಿದರೆ ತಟ್ಟೆಯಲ್ಲಿ ಬಂದದ್ದು ತಟ್ಟೆಯಲ್ಲೇ ಹಿಂದಕ್ಕೆ ಹೋಗಬೇಕು. ಇದು ನಮ್ಮ ಕುಲದ ಕಟ್ಟಳೆ. ಪಂಚೆ ಹೋಯಿತು, ಬೆಳ್ಳಿ ಕುಂಕುಮದ ಬಟ್ಟಲು ಹೋಯಿತು. ಆಮೇಲೆ ಮಾಮ ಕುದುರೆ ಕೇಳಿದ. ಆಗ ನನ್ನ ಬುದ್ಧಿ ಕೆಲಸ ಮಾಡಿತು. ಕುದುರೆ ತಟ್ಟೆಯಲ್ಲಿ ಬಂದಿತ್ತೇ? ತಟ್ಟೆಯಲ್ಲಿ ಬಂದದ್ದು ಹಗ್ಗ! ಹಗ್ಗವನ್ನು ಚೆನ್ನಾಗಿ ಒಗೆದು, ಸುತ್ತಿ, ವೀಳ್ಯದೆಲೆಯ ಮೇಲಿಟ್ಟು ಪೊಳ್ಳಾಚಿಗೆ ಕಳಿಸಿಕೊಟ್ಟೆ.

ನನಗೆ ಕುದುರೆಯ ಮೇಲೆ ಅಷ್ಟೊಂದು ಮೋಹವಿತ್ತೆಂದು ತಿಳಿಯಬೇಡಿ. ಕುದುರೆ ನಮ್ಮ ಹಿತ್ತಲಲ್ಲಿ ಇರುವತನಕ ಮಾಮ ಕೇಳಲು ಬರಲೇಬೇಕು. ಅವನು ಬರುತ್ತಿರುವತನಕ ಮಾತು ಪೂರ್ತಿ ಮುರಿದಂತಲ್ಲ. ನನಗೆ ಬೇಕಾಗಿದ್ದವಳು ರುಕ್ಕು. ಅದನ್ನು ಅವ್ವನ ಎದುರು ಹೇಳುವ ಧೈರ್ಯವಿರಲಿಲ್ಲ. ಕುದುರೆ ಬೇಕು ಎನ್ನುವ ಧೈರ್ಯ ಮಾತ್ರ ಬೇಕಾದಷ್ಟಿತ್ತು.

ವ್ಯಾಜ್ಯ ಚೌಡಮ್ಮನ ಗುಡಿಯ ಜಗಲಿ ಹತ್ತಿತು. ನಮ್ಮ ಬೀದಿಯ ಯಜಮಾನರು ನಡುವೆ ಕೂತರು. ಒಂದು ಬದಿಗೆ ಮಾಮ, ಇನ್ನೊಂದು ಬದಿಗೆ ಅವ್ವ, ಕಂಬದ ಹಿಂದೆ ರುಕ್ಕು. ಕೊಟ್ಟ ಕುದುರೆ ತನ್ನದೇ ಎಂದು ಮಾಮ ನಾಲ್ಕು ಮಾತಿನಲ್ಲಿ ಮುಗಿಸಿದ. ನಾನು ಮುಗಿಸಲಿಲ್ಲ. ಕೊಟ್ಟವನು ಒಡೆಯನೋ ಸಾಕಿದವನು ಒಡೆಯನೋ ಎಂದು ಆರಂಭಿಸಿ, ಕರ್ಣನಿಂದ ಕೃಷ್ಣನವರೆಗೆ ಸಾಕಿದವರ ಕಥೆಯನ್ನೆಲ್ಲ ಹೇಳಿದೆ. ಯಜಮಾನರು ಎರಡು ಸಲ ಆಕಳಿಸಿದರು. ಅದನ್ನು ನಾನು ಮೆಚ್ಚುಗೆ ಎಂದು ತೆಗೆದುಕೊಂಡೆ.

ಕೊನೆಗೆ ನನ್ನ ಬ್ರಹ್ಮಾಸ್ತ್ರ. ಕುದುರೆಯನ್ನು ಬಿಟ್ಟು ಇಬ್ಬರೂ ಕರೆಯೋಣ, ಯಾರ ಬಳಿಗೆ ಬರುತ್ತದೋ ನೋಡೋಣ ಎಂದೆ. ಅಂಗೈಗೆ ಮುಂಚೆಯೇ ಗಂಜಿ ಸವರಿಕೊಂಡಿದ್ದೆನೆಂಬುದು ಸಭೆಗೆ ಗೊತ್ತಿರಲಿಲ್ಲ. ಕುದುರೆ ನೇರವಾಗಿ ಬಂದು ನನ್ನ ಕೈಯನ್ನು ಮೊಣಕೈವರೆಗೆ ನೆಕ್ಕಿತು. ಜನ ಕಣ್ಣೊರೆಸಿಕೊಂಡರು.

ಯಜಮಾನರು ನನ್ನ ಹೆಸರು ಹಿಡಿದು ತೀರ್ಪು ಕೊಟ್ಟರು. "ಸೆರಿ, ಕುದ್ರೆ ಸೌಡಪ್ಪಂದೇ. ಇನ್ಮೇಲೆ ಅದು ಮಾಡೋ ಒಳ್ಳೇದೂ ಅವಂದೇ, ಕೆಟ್ಟದ್ದೂ ಅವಂದೇ. ಒಪ್ಪಿಗೆಯಾ?"

ನಾನು ಎದೆಯುಬ್ಬಿಸಿ ಒಪ್ಪಿದೆ. ಮಾಮ ಎದ್ದು ಮೇಲುಹೊದಿಕೆ ಕೊಡವಿಕೊಂಡು, ಇನ್ನು ಈ ಮನೆಯ ಕಡೆ ತಲೆಹಾಕುವುದಿಲ್ಲ ಎಂದು ನಡೆದೇಬಿಟ್ಟ. ರುಕ್ಕುವೂ ಅವನ ಹಿಂದೆ ಹೋದಳು. ಗೆದ್ದುಬಿಟ್ಟರೆ ಮಾಮ ಬರುವ ಕಾರಣವೇ ಇರುವುದಿಲ್ಲವೆಂಬ ಸಣ್ಣ ಅಂಶ ನನಗೆ ಆಗ ಹೊಳೆಯಿತು.

ಅಲ್ಲಿಯವರೆಗಿನ ಎರವಲು ಹಗ್ಗವನ್ನು ಅದರವರು ಒಯ್ದ ಮೇಲೆ, ಗೆದ್ದ ಕುದುರೆಯನ್ನು ಕಟ್ಟಲು ಹಗ್ಗವಿರಲಿಲ್ಲ. ಅದರ ಸ್ವಂತ ಹಗ್ಗವನ್ನು ನಾನೇ ಮರ್ಯಾದೆಯಿಂದ ಹಿಂದಕ್ಕೆ ಕಳಿಸಿದ್ದೆನಲ್ಲ! ಮಗ್ಗದ ಬಳಿ ಬಿದ್ದಿದ್ದ ಹಾಸಿನ ತುಂಡುನೂಲುಗಳನ್ನು ಹೊಸೆದು ದಪ್ಪನೆಯ ಹುರಿ ಮಾಡಿ ಕಟ್ಟಿದೆ. ಗಟ್ಟಿಯಾಗಿಯೇ ಇತ್ತು. ಆದರೆ ಅದು ಗಂಜಿ ಹಾಕಿದ ನೂಲು. ಬೆಳಗಾಗುವಷ್ಟರಲ್ಲಿ ಕುದುರೆ ಕಟ್ಟನ್ನೇ ತಿಂದು ಬೀದಿಗೆ ಹೊರಟಿತ್ತು.

ಬೀದಿಯಲ್ಲಿ ಯಜಮಾನರ ಮನೆಯ ಹಾಸು ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿತ್ತು. ಹೊಸ ಗಂಜಿ ಬಿಸಿಲಿಗೆ ಘಮಘಮಿಸುತ್ತಿತ್ತು. ಕುದುರೆ ಪಂಕ್ತಿಯೂಟಕ್ಕೆ ಕೂತವರ ಹಾಗೆ ಒಂದು ತುದಿಯಿಂದ ಶುರುಮಾಡಿತು. ನೆಕ್ಕಿತು, ಜಗಿಯಿತು, ಎಳೆಯಿತು. ಹೆಂಗಸರು ಕುಂಚ ಹಿಡಿದು ಹೊಡೆದರೆ ಕುಂಚವನ್ನೂ ನೆಕ್ಕಿತು. ನಾನು ಓಡಿ ಬರುವಾಗ ಅರ್ಧ ಹಾಸು ಸಿಕ್ಕುಗಟ್ಟಿ ಅದರ ಕಾಲಿಗೆ ಸುತ್ತಿಕೊಂಡಿತ್ತು.

ಯಜಮಾನರು ಜಗಲಿಯ ಮೇಲೆ ನಿಂತಿದ್ದರು. ಆಳವಾಗಿ ಯೋಚಿಸಿದರೆ ಕೊಟ್ಟವನೇ ಒಡೆಯನೆಂದು ಹೇಳಬಹುದಲ್ಲವೇ ಎಂದು ನಾನು ವಿನಯದಿಂದ ಕೇಳಿದೆ. ಅವರ ಬದಲು ಬೀದಿಗೆ ಬೀದಿಯೇ ಉತ್ತರ ಕೊಟ್ಟಿತು.

ದಂಡವೇನೆಂದರೆ, ಆ ಹಾಸನ್ನು ನಾನೇ ಹೊಸದಾಗಿ ಹೂಡಿ, ನಾನೇ ಸೀರೆ ನೇಯ್ದು ಕೊಡಬೇಕು. ಅಗಲ ಅಂಚು, ಮಾವಿನಕಾಯಿ ಸೆರಗು. ಯಾರ ಸೀರೆ ಎಂದು ಕೇಳಿದೆ. ಅವ್ವನ ಮಾತು ಮಾಮನಿಗೆ ನಾಟಿತ್ತಂತೆ. ಗಂಡು ಯಾರಾದರೂ ಸರಿ, ಮಗಳ ಮದುವೆಗೆ ಮಗ್ಗದ ಸೀರೆಯೇ ಆಗಬೇಕೆಂದು ಪಂಚಾಯ್ತಿಗೆ ಮುಂಚೆಯೇ ಯಜಮಾನರ ಮನೆಗೆ ಹೇಳಿದ್ದನಂತೆ. ಪಂಚಾಯ್ತಿಯಾದ ಕೆಲವೇ ದಿನಕ್ಕೆ ರುಕ್ಕುವಿಗೆ ಬೇರೆ ಕಡೆ ಗಂಡು ಗೊತ್ತಾಯಿತು.

ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಆ ಸೀರೆ ನೇಯ್ದೆ. ಅಷ್ಟು ಚೆನ್ನಾದ ಸೀರೆಯನ್ನು ಅದಕ್ಕೆ ಮುಂಚೆಯೂ ನೇಯ್ದಿಲ್ಲ, ಆಮೇಲೂ ನೇಯ್ದಿಲ್ಲ. ಅವ್ವ ಬಂದು ಅಂಚು ಸವರಿ ನೋಡಿ ಒಳಗೆ ಹೋದಳು.

ಪೊಳ್ಳಾಚಿಗೆ ಸೀರೆ ಕೊಡಲು ಹೋದಾಗ ರುಕ್ಕುವೇ ಬಾಗಿಲಿಗೆ ಬಂದಳು. ಮಡಿಕೆ ಬಿಚ್ಚಿ ಸೆರಗು ನೋಡಿದಳು.

"ಬಾವ, ಪಂಚಾಯ್ತಿಲಿ ಅಷ್ಟೊತ್ತು ಮಾತಾಡಿ ಕುದ್ರೆ ಕೇಳ್ದೆ. ನಾನು ಕಂಬದ್ ಹಿಂದೇನೇ ನಿಂತಿದ್ದೆ. ನನ್ನ ಕೇಳಿದ್ರೂ ಕೊಡ್ತಿದ್ರು" ಎಂದಳು.

ಅವಳು ಒಳಗೆ ಹೋಗಿ ಆ ಹಳೆಯ ಹಗ್ಗವನ್ನು ತಂದು ನನ್ನ ಕೈಗಿಟ್ಟಳು. ಈ ಸಲ ತಟ್ಟೆ ಇರಲಿಲ್ಲ.

ಮೆರವಣಿಗೆಗೆ ಅವರಿಗೆ ಕುದುರೆ ಬೇಕಾಯಿತು. ಮಾಮ ಹಳೆಯದನ್ನೆಲ್ಲ ಮರೆತು ತಾನೇ ಬಂದು ಕೇಳಿದ, ನಾನು ಕೊಟ್ಟೆ. ಗಂಡು ಪೇಟ ಸುತ್ತಿಕೊಂಡು ಏರಿ ಕೂತ. ನಾದಸ್ವರ ಮೊಳಗಿತು. ಕುದುರೆ ಮಾತ್ರ ಒಂದು ಹೆಜ್ಜೆ ಇಡಲೊಲ್ಲದು. ಎಳೆದರು, ತಳ್ಳಿದರು, ಗದರಿದರು. ಅಷ್ಟರಲ್ಲಿ ಗುಂಪಿನಲ್ಲಿದ್ದ ಯಜಮಾನರ ಕಣ್ಣು ನನ್ನ ಮೇಲೆ ಬಿತ್ತು.

ಹಾಗೆ ರುಕ್ಕುವಿನ ಮದುವೆ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ, ವಾದ್ಯದವರಿಗಿಂತಲೂ ಮುಂದೆ, ಗಂಜಿಯ ಮಡಕೆ ಹಿಡಿದುಕೊಂಡು ನಾನು ನಡೆದೆ. ನನ್ನ ಹಿಂದೆ ಕುದುರೆ, ಕುದುರೆಯ ಮೇಲೆ ಗಂಡು. ಬೀದಿಯ ಇಬ್ಬದಿಯಲ್ಲಿ ನಿಂತವರು ಕುದುರೆ ಯಾರದೆಂದು ಪರಸ್ಪರ ಕೇಳಿಕೊಂಡರು. ಎಲ್ಲರೂ ನನ್ನ ಕಡೆಗೇ ಬೆರಳು ತೋರಿಸಿದರು. ಅದರಲ್ಲಿ ಮಾತ್ರ ಈಗ ಯಾರಿಗೂ ತಕರಾರಿರಲಿಲ್ಲ.